ನಾನು ನೋಡದೆ ಬಂದ ಬೀದರಿನ ಮೇಳ

ಗಡಿ

ಬೀದರಿನ ಮೇಳ ಹೇಗಿತ್ತು ಎಂದು ಹುಬ್ಬಳ್ಳಿಯ ಗೆಳೆಯರು ಕೇಳುತ್ತಾರೆ. ಬಹಳ ಚೆನ್ನಾಗಿತ್ತು ಎನ್ನುತ್ತೇನೆ. ಮರದ ಕುದುರೆಗಳು, ಮುಗಿಲಿಗೆ ಏರಿ ಇಳಿಯುವ ತೊಟ್ಟಿಲು, ಮನುಷ್ಯನನ್ನು ಸೋರೆಕಾಯಿಯಂತೆ ತೋರಿಸುವ ಕನ್ನಡಿ, ಎಲ್ಲವನ್ನೂ ವರ್ಣಿಸುತ್ತೇನೆ. ಅವರು ಬೆರಗಾಗುತ್ತಾರೆ. ಇದರಲ್ಲಿ ಒಂದನ್ನೂ ನಾನು ಕಣ್ಣಿನಿಂದ ಕಂಡಿಲ್ಲ ಎಂದರೆ ಸಿಟ್ಟಾಗುತ್ತಾರೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಈ ಬರಹದ ಅರ್ಧ ನನ್ನದಲ್ಲ, ನನ್ನ ಇಬ್ಬರು ಮಕ್ಕಳದು. ಅವರ ಮಾತುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆ ಮಾಡಲು ನಾನೂ ಹೋಗಿಲ್ಲ. ತೀರ ಒಪ್ಪವಾಗಿ ಕೂತ ನೆನಪನ್ನು ಯಾರೋ ಆಮೇಲೆ ಕೂಡಿಸಿ ಇಟ್ಟಿರುತ್ತಾರೆ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ.

ಹೊರಟವರು ನಾವು ಮೂವರು. ನಾನು, ಹತ್ತು ವರ್ಷದ ನೀಲಾ, ಆರು ವರ್ಷದ ಚೆನ್ನು. ಕೈಗೂಸಿದ್ದುದರಿಂದ ಹೆಂಡತಿ ಹುಬ್ಬಳ್ಳಿಯಲ್ಲೇ ಉಳಿದಳು. ನನ್ನ ಅಕ್ಕ ಶಾಂತಕ್ಕನನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಮೊಗಲಾಯಿಗೆ ಹೆಣ್ಣು ಕೊಟ್ಟರೆ ಬೇರೆ ದೇಶಕ್ಕೆ ಕೊಟ್ಟಂತೆಯೇ ನಮ್ಮ ಕಡೆಯವರು ಮಾತಾಡುತ್ತಾರೆ. ಅದು ಸುಳ್ಳೂ ಅಲ್ಲ. ಇಂಗ್ರೇಜಿ ಸರಹದ್ದು ದಾಟಿ ನಿಜಾಮರ ಸರಹದ್ದಿಗೆ ಹೋದರೆ ರೂಪಾಯಿ ಬೇರೆ, ತಿಂಗಳುಗಳ ಹೆಸರು ಬೇರೆ, ಕಚೇರಿಯ ಭಾಷೆ ಬೇರೆ, ವಾರದ ರಜೆ ಶುಕ್ರವಾರ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಮ್ಮದೇ.

ಗಡಿಯ ನಿಲ್ದಾಣದಲ್ಲಿ ಸುಂಕದವರು ನಮ್ಮ ರೈಲು ಡಬ್ಬಿಗೆ ಹತ್ತಿದರು. ದಪ್ಪ ಮೀಸೆಯ ಒಬ್ಬರು ನಮ್ಮ ಟ್ರಂಕು ತೆಗೆಸಿ, ಬಟ್ಟೆಯ ಕೆಳಗಿದ್ದ ಪೇಢೆಯ ಪೊಟ್ಟಣಗಳನ್ನು ಹೊರಗೆ ತೆಗೆದರು.

"ಇಷ್ಟೆಲ್ಲಾ ಮಾರ್ಲಿಕ್ಕೇನ್ರಿ?"

"ಇಲ್ಲರಿ, ನಮ್ಮಕ್ಕಗ. ಭಾಲ್ಕಿಗಿ ಕೊಟ್ಟೇವ್ರಿ."

"ಒಬ್ಬ ಅಕ್ಕಗ ಇಷ್ಟು?"

ಚೆನ್ನು ತಾನಾಗಿಯೇ ಒಂದು ಪೇಢೆ ತೆಗೆದು ಅವರ ಕೈಗಿಟ್ಟ. ಅವರು ನಕ್ಕು ಪೊಟ್ಟಣ ಮುಚ್ಚಿದರು. ಆಮೇಲೆ ನೀಲಾಳ ಕಡೆ ತಿರುಗಿ, "ನಿನ್ನ ಹೆಸರೇನವ್ವಾ?" ಎಂದರು. ನೀಲಾ ನನ್ನ ಕೋಟಿನ ಹಿಂದೆ ಸೇರಿಕೊಂಡಳು.

"ಯಾಕ, ಹುಡುಗಿಗಿ ಬಾಯಿ ಇಲ್ಲೇನು?"

"ಐತ್ರಿ," ಎಂದ ಚೆನ್ನು. "ಮನ್ಯಾಗ ಬಾಳ ಐತಿ."

ಅದು ನಿಜ. ನೀಲಾ ಮನೆಯಲ್ಲಿ ತಮ್ಮನನ್ನು ಗದರಿಸುವ ದನಿ ಪಕ್ಕದ ಓಣಿಗೆ ಕೇಳುತ್ತದೆ. ಹೊಸ್ತಿಲು ದಾಟಿದರೆ ಮುಗಿಯಿತು. ಶಾಲೆಯಲ್ಲಿ ಅವಳ ಉತ್ತರ ಕೇಳಲು ಮಾಸ್ತರರು ಕಿವಿಗೆ ಕೈ ಹಚ್ಚಿಕೊಂಡು ಬಾಗಬೇಕಂತೆ. ಉತ್ತರ ಸರಿಯಾಗಿರುತ್ತದೆ, ಆದರೆ ಅದು ಅವರಿಬ್ಬರ ನಡುವೆಯೇ ಉಳಿಯುತ್ತದೆ.

ಭಾಲ್ಕಿ

ಭಾಲ್ಕಿಗೆ ರೈಲು ಬಂದದ್ದು ಈಚೆಗೆ. ಊರಿನವರಿಗೆ ಅದಿನ್ನೂ ಅತಿಥಿ. ಗಾಡಿ ನಿಂತಾಗ ಹತ್ತುವವರಿಗಿಂತ ನೋಡುವವರೇ ಹೆಚ್ಚು. ಭಾವ ನಿಲ್ದಾಣಕ್ಕೆ ಬಂದಿದ್ದರು. ತೊಗರಿಬೇಳೆಯ ಅಡತಿ ಅಂಗಡಿ ಅವರದು. ಅವರ ಧೋತರಕ್ಕೆ, ಅವರ ಮಾತಿಗೆ, ಅವರು ಎತ್ತಿಕೊಂಡ ಚೆನ್ನುವಿಗೆ ಕೂಡ ತೊಗರಿಯ ಹಳದಿ ಧೂಳು.

ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಶಾಂತಕ್ಕ. ಅವಳ ಮುಂದೆ ನಾನು ಈಗಲೂ ನಿಂತೇ ಮಾತಾಡುತ್ತೇನೆ. ಊಟಕ್ಕೆ ಕೂತಾಗ ಝುಣಕ ಬಡಿಸುತ್ತ ಅವಳು ವಿಷಯ ತೆಗೆದಳು.

"ಔರಾದಿನಾಗ ಒಂದು ಮನಿ ಅದ. ಭೂಮಿ ಅದ, ದನ ಅವ, ಹುಡುಗ ಛಲೋ ಅದಾನ. ಐತವಾರ ನೀಲಾನ್ನ ಕರ್ಕೊಂಡು ಬರ್ತೇವಿ ಅಂತ ಮಾತು ಕೊಟ್ಟೇನಿ."

"ಅಕ್ಕಾ, ಆಕಿ ಸಾಲಿಗಿ ಹೊಂಟಾಳ."

"ಸಾಲಿಗಿ ಹೋಗಿ ಏನು ಕಲತಾಳೋ? ಬಂದಾಗಿಂದ 'ಹೂಂ' ಬಿಟ್ಟು ಎರಡನೇ ಮಾತು ಕೇಳಿಲ್ಲ ನಾ. ಅವರಿಗಿ ಇಂಥಾಕೀನೇ ಬೇಕಾಗ್ಯಾಳ. ಮಾತು ಕಡಿಮಿ ಇರಬೇಕು ಅಂತ ಅವರ ಮನಿ ಹಿರ್ಯಾಕಿ ಹೇಳಿ ಕಳಿಸ್ಯಾಳ. ಈಗ ಮಾತು ಆಡಿ ಇಟ್ಟರ ಮುಂದ ಎರಡು ವರ್ಷಕ್ಕ ಲಗ್ನ. ನಡುವ ಆ ಸಾಲಿ ಗೀಲಿ ಬಿಡಸು, ಮನಿ ಕೆಲಸ ಕಲೀಲಿ."

ನೀಲಾ ಒಳಗಿನ ಕೋಣೆಯ ಬಾಗಿಲಲ್ಲಿ ರೊಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದಳು. ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿಸಿತ್ತು ಎಂದು ಅವಳು ಈಗ ಹೇಳುತ್ತಾಳೆ.

"ನೋಡೂಣಕ್ಕಾ," ಎಂದೆ.

ನನ್ನ ಬಾಯಲ್ಲಿ ಆ ಮಾತಿಗೆ ಹೌದು ಎಂದೂ ಅರ್ಥವಿಲ್ಲ, ಇಲ್ಲ ಎಂದೂ ಇಲ್ಲ. ಅಕ್ಕನ ಕಿವಿಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ. ಅವಳು ಸಮಾಧಾನವಾಗಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಭಾವನಿಗೆ ನನ್ನ ಮುಖ ಕಂಡಿರಬೇಕು. "ಐತವಾರಕ್ಕ ಇನ್ನಾ ಟೈಮ್ ಅದ," ಎಂದರು. "ಬೀದರಿಗಿ ದೊಡ್ಡ ಮೇಳ ಬಂದದ. ಮರದ ಕುದುರಿ ಅವ, ತೊಟ್ಟಲಾ ಅವ. ನಾಳಿ ಹುಡುಗರಿಗಿ ತೋರಸ್ಕೊಂಡು ಬರ್ರಿ. ರೈಲ್ ಅದಲ್ಲ, ಸಂಜೀಕ ತಿರುಗಿ ಬರಬಹುದು."

ಅಕ್ಕ ಬರಲಿಲ್ಲ. ಔರಾದಿಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಉಂಡಿ ಕಟ್ಟಬೇಕಿತ್ತು.

ಬೀದರ್, ಕನಾತಿನ ಹೊರಗೆ

ಬೀದರಿನ ಮಣ್ಣು ಕೆಂಪು. ಕಪ್ಪು ಎರೆಯ ನಡುವೆ ಇದ್ದಕ್ಕಿದ್ದಂತೆ ಈ ಕೆಂಪು ಎದ್ದು, ಅದರ ಮೇಲೆ ಕೋಟೆ ಎದ್ದು, ಕೋಟೆಯ ಮೇಲೆ ಗಾಳಿ ಎದ್ದು, ನಿಲ್ದಾಣದಿಂದ ಊರು ಸೇರುವುದರೊಳಗೆ ನಾವು ಮೂವರೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದೆವು. ಊರ ನಡುವಿನ ಚೌಬಾರದ ಬುರುಜನ್ನು ಸುತ್ತಿ ಹೋಗುವಾಗ ಒಂದು ಸಂಗತಿ ನೋಡಿದೆ. ಮೈದಾನದ ಕಡೆ ಹೊರಟ ಟಾಂಗಾಗಳಿಗೆಲ್ಲ ಪರದೆ ಕಟ್ಟಿತ್ತು. ಗಾಡಿಗಳ ತುಂಬ ಹೆಂಗಸರು, ನಡೆಯುತ್ತಿದ್ದವರೂ ಹೆಂಗಸರು. ಬುರ್ಖಾದವರು, ಇಳಕಲ್ ಸೀರೆಯವರು, ಕಚ್ಚೆ ಹಾಕಿದವರು. ಈ ಊರಿನ ಗಂಡಸರಿಗೆ ಮೇಳದ ಹುಚ್ಚಿಲ್ಲ, ಹೆಂಗಸರನ್ನು ಧಾರಾಳವಾಗಿ ಕಳಿಸುತ್ತಾರೆ ಎಂದು ಮೆಚ್ಚಿಕೊಂಡೆ.

ಮೇಳದ ಸುತ್ತ ಎತ್ತರದ ಕನಾತು, ಬಟ್ಟೆಯ ಗೋಡೆ. ಅದರ ಮೇಲೆ ದೊಡ್ಡ ತೊಟ್ಟಿಲಿನ ತುದಿ ಮಾತ್ರ ಕಾಣುತ್ತಿತ್ತು. ಬಾಗಿಲಲ್ಲಿ ಕೋಲು ಹಿಡಿದ ಭಾರಿ ಹೆಂಗಸೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಬೂವಮ್ಮ ಎಂದು ಕರೆಯುತ್ತಿದ್ದರು.

ಕೋಲು ನನ್ನ ಎದೆಗೆ ಅಡ್ಡ ಬಂತು. "ನೀವು ಎಲ್ಲಿಗ್ರಿ?"

"ಒಳಗ."

"ಇವತ್ತು ಜುಮ್ಮೇರಾತ್. ಜನಾನಾ."

ಗುರುವಾರ ಹೆಂಗಸರ ದಿನ. ಒಳಗೆ ಆಟ ಆಡಿಸುವವರೂ ತಿನಿಸು ಮಾರುವವರೂ ತೊಟ್ಟಿಲು ತಿರುಗಿಸುವವರೂ ಹೆಂಗಸರೇ. ಆ ದಿನ ಪರದೆಯವರು ಪರದೆ ಸರಿಸಿ ಓಡಾಡುತ್ತಾರೆ, ಗಂಡಸಿನ ನೆರಳೂ ಬೀಳುವಂತಿಲ್ಲ. ಇಲ್ಲಿ ಇದು ಕೂಸಿಗೂ ಗೊತ್ತು, ಆದ್ದರಿಂದ ಯಾರೂ ನನಗೆ ಹೇಳಲಿಲ್ಲ. ನಮ್ಮಲ್ಲಿ ಇಂಥದ್ದಿಲ್ಲ, ಆದ್ದರಿಂದ ನಾನೂ ಕೇಳಲಿಲ್ಲ. ಭಾವ ಆಮೇಲೆ ಹೇಳಿದ್ದು: "ನೀವು ಹೊರಗ ಕುಂತು, ಹುಡುಗರಿಗಿ ಒಳಗ ಕಳಸ್ತೀರಿ ಅಂತೇ ತಿಳದಿದ್ದೆ."

"ಬೂವಮ್ಮ, ನಾನು ಪರದೇಶದಿಂದ ಬಂದೀನ್ರಿ. ಹುಬ್ಬಳ್ಳಿಯಿಂದ. ಗೊತ್ತಾಗಲಿಲ್ಲ."

"ವಿಲಾಯತಿನಿಂದ ಬಂದ್ರೂ ಮೀಸಿ ಮೀಸೀನೇ ಅದರಿ," ಎಂದರು ಬೂವಮ್ಮ. ಹಿಂದಿನ ಸಾಲಿನ ಹೆಂಗಸರೆಲ್ಲ ನಕ್ಕರು. "ಹುಡುಗಿ ಹೋಗಲಿ. ಹುಡುಗನ್ನ ಅಳೀಬೇಕು."

ಅವರ ಕೋಲಿಗೆ ಒಂದು ಕಡೆ ಕೆಂಪು ದಾರ ಕಟ್ಟಿತ್ತು. ಅದಕ್ಕಿಂತ ಎತ್ತರದ ಹುಡುಗ ಗಂಡಸು, ಹೊರಗೆ. ಕಡಿಮೆ ಇದ್ದವನು ಕೂಸು, ಒಳಗೆ. ಚೆನ್ನುವನ್ನು ಮನೆಯ ಕಂಬಕ್ಕೆ ನಿಲ್ಲಿಸಿ ಅಳೆಯುವುದು ನಮ್ಮಲ್ಲಿ ಹಬ್ಬದ ಆಟ. ಅಳೆಯುತ್ತಾರೆ ಎಂದ ಕೂಡಲೇ ಅವನು ಎದೆ ಉಬ್ಬಿಸಿ, ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಂತ. ಅವನ ಟೊಪ್ಪಿಗೆ ದಾರದ ಮೇಲೆ ಹೋಯಿತು.

"ಅಯ್ಯ, ಇವ ಗಂಡಸರೊಳಗ ಬಂದಾನ್ರಿ!"

ಚೆನ್ನುವಿನ ಮುಖ ಹಿಗ್ಗಿನಿಂದ ಅರಳಿತು. ನೀಲಾ ಒಂದು ಮಾತೂ ಆಡದೆ ತಮ್ಮನ ಟೊಪ್ಪಿಗೆ ತೆಗೆದು, ಎರಡೂ ಕೈ ಹೆಗಲ ಮೇಲಿಟ್ಟು ಅವನನ್ನು ನೆಲಕ್ಕೆ ಒತ್ತಿದಳು. ತಲೆ ದಾರದ ಕೆಳಗೆ ಬಂತು.

ಬೂವಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀ ಇವನ್ನ ಸಂಭಾಳಸ್ತೀ?"

ನೀಲಾ ನನ್ನ ಕಡೆ ನೋಡಿದಳು. ನಾನು ಮಕ್ಕಳನ್ನು ಕರೆದುಕೊಂಡು ತಿರುಗಿ ಹೋಗುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಅವಳು ತಮ್ಮನ ಕೈ ಹಿಡಿದು ಬಟ್ಟೆಯ ಸೀಳಿನೊಳಗೆ ನಡೆದುಬಿಟ್ಟಳು. "ಹೋಗಿ ಬರ್ತೀವಪ್ಪಾ" ಎಂದಳು ಎಂದು ನನ್ನ ನೆನಪು. ತಾನೇನೂ ಹೇಳಲಿಲ್ಲ ಎಂದು ಅವಳ ವಾದ.

ಹೊರಗೆ ಕನಾತಿನ ನೆರಳಲ್ಲಿ ಗಂಡಸರ ಸಾಲೇ ಕೂತಿತ್ತು. ನನ್ನ ಪಕ್ಕದಲ್ಲಿ ಬೀದರಿನ ದರ್ಜಿಯೊಬ್ಬರು, ಕಾಸಿಂ ಸಾಹೇಬರು. ಕನಾತಿನ ಬಟ್ಟೆಯನ್ನು ಬೆರಳಿನಿಂದ ತೀಡುತ್ತ, "ಈ ಹೊಲಿಗಿ ನಂದೇರಿ," ಎಂದರು. "ಮೇಳದವರದು ಹರದಿತ್ತು. ಈ ಮಗ್ಗಲು ಪೂರಾ ನಾನೇ ಹೊಲದು ಕೊಟ್ಟೆ. ಎಲ್ಲೂ ತೂತು ಬಿಟ್ಟಿಲ್ಲ. ಈಗ ಅನಸ್ತದ, ಒಂದು ಬಿಡಬೇಕಿತ್ತು."

"ಒಳಗ ಯಾರದಾರ್ರಿ ನಿಮ್ಮವರು?"

"ಎಲ್ಲಾರೂ. ಹೇಣ್ತಿ, ತಾಯಿ, ಐದು ಹೆಣ್ಣುಮಕ್ಕಳು. ಮನ್ಯಾಗ ನಾನೊಬ್ಬನೇ ಗಂಡಸು. ನೋಡ್ರಿ, ಕೋಳೀನೂ ಹೆಣ್ಣೇ."

ಹೀಗೆ ನಾನು ಮೇಳವನ್ನು ಕೇಳತೊಡಗಿದೆ. ಮರದ ಅಚ್ಚು ಎಣ್ಣೆಗಾಗಿ ಅಳುವ ಸದ್ದು ತೊಟ್ಟಿಲಿನದು. ಒಂದೇ ಹಾಡನ್ನು ಹಾಡಿ ಪ್ರತಿ ಸಲವೂ ಒಂದೇ ಕಡೆ ತಪ್ಪುವ ಪೆಟ್ಟಿಗೆಯ ಸದ್ದು ಕುದುರೆಗಳದು. ತಗಡಿನ ಭೋಂಗಾ ಹಿಡಿದ ಹೆಂಗಸೊಬ್ಬಳು ಉರ್ದುವಿನಲ್ಲಿ ಕೂಗುತ್ತಿದ್ದಳು. ಎಲ್ಲಕ್ಕಿಂತ ಮೇಲೆ ಹೆಂಗಸರ ನಗು. ಹೆಂಗಸರು ಅಷ್ಟು ಜೋರಾಗಿ ನಗುವುದನ್ನು ನಾನು ಹುಬ್ಬಳ್ಳಿಯಲ್ಲಿ ಕೇಳಿರಲಿಲ್ಲ. ಕಾಸಿಂ ಸಾಹೇಬರು ಒಮ್ಮೆ ತಲೆ ಎತ್ತಿ, "ಅದು ನಮ್ಮಾಕಿ ನಗಿ," ಎಂದರು. ಮತ್ತೊಮ್ಮೆ ಕಿವಿಗೊಟ್ಟು, "ಅಲ್ಲೇನೋ," ಎಂದರು. "ಮನ್ಯಾಗ ಹಿಂಗ ನಗಂಗಿಲ್ಲ ಅಕಿ."

ಆಮೇಲೆ ಒಮ್ಮೆಲೇ ಭೋಂಗಾ ಸುಮ್ಮನಾಯಿತು. ಹಾಡಿನ ಪೆಟ್ಟಿಗೆಯೂ ನಿಂತಿತು. ಆ ಖಾಲಿಯಲ್ಲಿ ಒಂದು ದನಿ ಬಂತು, ತಗಡಿನೊಳಗಿಂದ, ಮೈದಾನದ ಮೇಲೆಲ್ಲ ಹರಡಿಕೊಂಡು, ಕನ್ನಡದಲ್ಲಿ.

"ಚೆನ್ನೂ! ಏ ಚೆನ್ನೂ! ನಾನು ನೀಲಾ! ಎಲ್ಲಿದ್ದೀ ಅಲ್ಲೇ ನಿಂದರು. ನಾನು ಬರ್ತೀನಿ!"

ಮೊದಲ ಸಲ ನನಗೆ ಅದು ನನ್ನ ಮಗಳೆಂದು ಹೊಳೆಯಲಿಲ್ಲ. ಹೆಸರು ಗುರುತು ಸಿಕ್ಕಿತು, ದನಿ ಸಿಗಲಿಲ್ಲ. ಎರಡನೇ ಸಲ ಅದು ಇನ್ನೂ ಜೋರಾಗಿ ಬಂತು.

"ಎಲ್ಲಾರೂ ಕೇಳ್ರಿ! ನಮ್ಮ ತಮ್ಮ ಸಿಗವಲ್ಲ! ಆರು ವರ್ಸದಾಂವ! ಮುಂದಿನ ಹಲ್ಲು ಇಲ್ಲ! ಕಂಡರ ಇಲ್ಲಿ ಕರ್ಕೊಂಡು ಬರ್ರಿ!"

ನಾನು ಎದ್ದು ಕನಾತಿಗೆ ನುಗ್ಗಿದೆ. ಕಾಸಿಂ ಸಾಹೇಬರು ನನ್ನ ಕೋಟಿನ ಚುಂಗು ಹಿಡಿದರು. "ಹೋಗಬ್ಯಾಡ್ರಿ, ಹೋಗಬ್ಯಾಡ್ರಿ! ಒಳಗ ನನ್ನ ಮಂದಿ ಅದಾರ!" ಬಟ್ಟೆಯ ಕೆಳಗಂಚು ಎತ್ತಲು ನಾನು ಬೆರಳು ತೂರಿಸಿದೆ. ಒಳಗಿನಿಂದ ಯಾರೋ ಕೋಲಿನಿಂದ ಗೆಣ್ಣಿನ ಮೇಲೆ ಹೊಡೆದರು. ಕೈ ಹಿಂದಕ್ಕೆ ಬಂತು, ನಾನು ನೆಲದ ಮೇಲೆ ಕೂತೆ.

ಕೂತು ಕೇಳಿದೆ. ಮಗ ಕಳೆದಿದ್ದಾನೆ ಎಂಬ ಭಯವಿತ್ತು. ಜೊತೆಗೆ ಇನ್ನೊಂದು ಇತ್ತು, ಅದನ್ನು ಹೇಳಲು ನಾಚಿಕೆಯಿಲ್ಲ. ಸಾಲಿನ ಗಂಡಸರೆಲ್ಲ ಮಾತು ನಿಲ್ಲಿಸಿ ತಲೆ ಎತ್ತಿದ್ದರು. ಬೀದಿಯ ಟಾಂಗಾದವನು ಕುದುರೆ ತಡೆದಿದ್ದ. ಕೋಟೆಯ ಗೋಡೆಗೆ ಬಡಿದು ಅವಳ ಮಾತು ಇನ್ನೊಮ್ಮೆ ತಿರುಗಿ ಬಂತು.

"ಯಾರ ಹುಡುಗಿ ಅದು? ಏನು ದನಿ ಅದ!" ಎಂದ ಒಬ್ಬ.

"ನನ್ನ ಮಗಳು," ಎಂದೆ.

ಬೀದರ್, ಕನಾತಿನ ಒಳಗೆ

ಇದು ನೀಲಾ ಹೇಳಿದ್ದು. ತಿದ್ದುಪಡಿಗಳು ಚೆನ್ನುವಿನವು.

ಮರದ ಕುದುರೆಗಳ ಹತ್ತಿರ ಅವಳು ತಮ್ಮನ ಕೈ ಬಿಟ್ಟದ್ದು ಒಂದೇ ಒಂದು ಗಳಿಗೆ, ಜಡೆ ಬಿಚ್ಚಿತ್ತು, ಕಟ್ಟಿಕೊಳ್ಳಲು. ತಲೆ ಎತ್ತಿದರೆ ಅವನಿಲ್ಲ. ಸುತ್ತ ಬರೀ ಸೀರೆ, ಬರೀ ಬುರ್ಖಾ. ಕೇಳಬೇಕೆಂದರೆ ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ? ಬಾಗಿಲಿಗೆ ಓಡಿ ಅಪ್ಪನಿಗೆ ಹೇಳಬಹುದಿತ್ತು. "ಯಾಕ ಬರಲಿಲ್ಲವ್ವಾ?" ಎಂದು ಕೇಳಿದೆ. "ನೀ ಒಳಗ ಬರಾಂಗಿರಲಿಲ್ಲಲ್ಲ. ಹೇಳಿ ಏನು ಮಾಡೋದು?" ಎಂದಳು.

ಭೋಂಗಾದ ಹೆಂಗಸು ಎತ್ತರದ ಮಂಚದ ಮೇಲೆ ನಿಂತಿದ್ದಳು. ನೀಲಾ ಏಣಿ ಹತ್ತಿ ಅವಳ ಸೆರಗು ಎಳೆದಳು. ಆ ಹೆಂಗಸಿಗೆ ಕನ್ನಡ ಬರದು, ಇವಳಿಗೆ ಉರ್ದು ಬರದು. ನೀಲಾ ತನ್ನ ಹೆಗಲಿನ ಹತ್ತಿರ ಕೈ ಹಿಡಿದು ಎತ್ತರ ತೋರಿಸಿದಳು, ತುಟಿ ಸರಿಸಿ ಹಲ್ಲು ಮುಟ್ಟಿ ಕೈಯಾಡಿಸಿದಳು. ಅಷ್ಟು ಸಾಕಾಯಿತು. ಹೆಂಗಸು ಭೋಂಗಾವನ್ನೇ ಅವಳ ಕೈಗೆ ಕೊಟ್ಟುಬಿಟ್ಟಳು. ಅದು ಭಾರವಿತ್ತಂತೆ, ಒಳಗೆ ಎಲೆಅಡಿಕೆಯ ವಾಸನೆಯಿತ್ತಂತೆ.

ಮುಂದೆ ಆದದ್ದು ಬೀದರಿನವರು ಮರೆಯಲಾರದಂಥದ್ದು. ಬೂವಮ್ಮ ಬಾಗಿಲಿನಿಂದಲೇ ಅವಳ ಮಾತನ್ನು ಉರ್ದುವಿನಲ್ಲಿ ತಿರುಗಿಸಿ ಕೂಗಿದರು. ಮುಂದಿನ ಹಲ್ಲಿಲ್ಲದ ಆರು ವರ್ಷದ ಹುಡುಗ! ಆ ವಯಸ್ಸಿನ ಯಾವ ಹುಡುಗನಿಗೆ ಮುಂದಿನ ಹಲ್ಲು ಇರುತ್ತದೆ? ಮೇಳದ ಎಲ್ಲ ಮೂಲೆಗಳಿಂದ ಹೆಂಗಸರು ಬೊಚ್ಚು ಬಾಯಿಯ ಹುಡುಗರನ್ನು ರೆಟ್ಟೆ ಹಿಡಿದು ಎಳೆದು ತಂದರು. ಮಂಚದ ಕೆಳಗೆ ಸಾಲು ನಿಂತಿತು. ಒಬ್ಬ ಅಳುತ್ತಿದ್ದ, ಒಬ್ಬ ಜಿಲೇಬಿ ತಿನ್ನುತ್ತಿದ್ದ, ಒಬ್ಬನ ತಾಯಿ "ಇವ ನಮ್ಮಾಂವ, ಬಿಡ್ರಿ!" ಎಂದು ಹಿಂದಿನಿಂದ ಜಗ್ಗುತ್ತಿದ್ದಳು. ನೀಲಾ ಒಬ್ಬೊಬ್ಬನ ಮುಖ ನೋಡಿ, "ಇವನಲ್ಲ, ಇವನೂ ಅಲ್ಲ" ಎನ್ನುತ್ತ ಹೋದಳು, ಭೋಂಗಾದಲ್ಲಿಯೇ. ಅದನ್ನೂ ನಾನು ಹೊರಗೆ ಕೇಳಿದ್ದೆ, ಅರ್ಥವಾಗಿರಲಿಲ್ಲ.

ಇನ್ನು ಚೆನ್ನು. ತಾನು ಕಳೆದಿರಲೇ ಇಲ್ಲ ಎನ್ನುತ್ತಾನೆ. ಯಾರೋ ಅಜ್ಜಿ ಅವನನ್ನು ತಮ್ಮ ಮಕ್ಕಳ ಜೊತೆ ತೊಟ್ಟಿಲಿಗೆ ಹತ್ತಿಸಿದ್ದರು. ಅವನ ತೊಟ್ಟಿಲು ಮೇಲಿನ ತುದಿಗೆ ಹೋದಾಗ ನೀಲಾಳ ದನಿ ಬಂತು. ತಿರುಗಿಸುತ್ತಿದ್ದ ಹೆಂಗಸರು ಅದನ್ನು ಕೇಳಲು ಕೈ ಬಿಟ್ಟರು. ಚಕ್ರ ನಿಂತಿತು. ಅವನು ಮುಗಿಲಲ್ಲಿ ಉಳಿದ.

"ನನಗ ಮ್ಯಾಲಿಂದ ಎಲ್ಲಾ ಕಾಣಸ್ತಿತ್ತು," ಎನ್ನುತ್ತಾನೆ. "ಕ್ವಾಟಿ ಕಾಣಸ್ತಿತ್ತು, ನೀಲಾ ಕಾಣಸ್ತಿದ್ಲು, ಹೊರಗ ಅಪ್ಪ ಕುಂತಿದ್ದೂ ಕಾಣಸ್ತಿತ್ತು. ಕಳದಾಕಿ ಅಕಿ. ನಾನು ಅಕಿನ್ನ ಕರ್ಯಾಕ ಹತ್ತಿದ್ದೆ, ಅಕಿ ಒದರೂದರಾಗ ನನ್ನ ದನೀನ ಕೇಳಲಿಲ್ಲ."

"ಸುಳ್ಳು. ಅಳಾಕ ಹತ್ತಿದ್ದಿ ನೀ."

"ಗಾಳಿಗಿ ಕಣ್ಣಾಗ ನೀರು ಬಂದಿತ್ತು."

ಈ ಜಗಳ ಇಂದಿಗೂ ತೀರಿಲ್ಲ. ತೀರುವುದು ಬೇಡ.

ಕನ್ನಡಿಯ ಡೇರೆಯ ವಿಷಯ ಮಾತ್ರ ಅರ್ಧಕ್ಕೇ ನಿಂತಿದೆ. ಚಕ್ರ ಮತ್ತೆ ತಿರುಗಿ, ತಮ್ಮ ಕೆಳಗಿಳಿದು ಸಿಕ್ಕ ಮೇಲೆ ಬೂವಮ್ಮನೇ ಅವಳನ್ನು ಅಲ್ಲಿಗೆ ಕರೆದೊಯ್ದರಂತೆ. ಸೋರೆಕಾಯಿಯಾಗಿ ಕಾಣುವ ಕನ್ನಡಿಯ ಮುಂದೆ ಹೆಂಗಸರು ಮುಖದ ಬಟ್ಟೆ ಸರಿಸಿ ನಿಂತು ನಕ್ಕರಂತೆ. "ಆಮ್ಯಾಲೆ?" ಎಂದೆ. "ಆಮ್ಯಾಲಿಂದು ಹೊರಗ ಹೇಳಬಾರದಂತ. ಹೇಳೂದಿಲ್ಲ ಅಂತ ಮಾತು ಕೊಟ್ಟೀನಿ." ನಾನು ಎಷ್ಟು ಪುಸಲಾಯಿಸಿದರೂ ಹೇಳಲಿಲ್ಲ. ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಮುಚ್ಚಬೇಕು ಎನ್ನುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತವಳ ಮುಂದೆ ನಾನೂ ಹೆಚ್ಚು ಕೇಳಲಿಲ್ಲ.

ಬಾಗಿಲಲ್ಲಿ ಮಕ್ಕಳನ್ನು ನನಗೊಪ್ಪಿಸಿದ ಬೂವಮ್ಮ ನನ್ನ ಊದಿದ ಬೆರಳು ನೋಡಿದರು. "ಕೈ ಹಾಕಿದಾಂವ ನೀವೇನು?" ಎಂದು ಕೇಳಿ, ಕೋಲನ್ನು ಮೆಲ್ಲಗೆ ಸೀರೆಯ ಮರೆಗೆ ಸರಿಸಿಕೊಂಡರು.

ಮತ್ತೆ ಭಾಲ್ಕಿ

ಅಂದು ಸಂಜೆ ಅಕ್ಕನ ಮುಂದೆ ನಾನು ಮೊದಲ ಸಲ ಕೂತು ಮಾತಾಡಿದೆ.

"ಅಕ್ಕಾ, ನೀಲಾನ್ನ ಕೊಡಾಂಗಿಲ್ಲ. ಅಕಿ ಸಾಲಿ ಕಲೀತಾಳ."

ಅಕ್ಕ ಉಂಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಒಮ್ಮಿ ಭೋಂಗಾ ಊದಿದರ ಬ್ಯಾರಿಸ್ಟರ್ ಆದಳೇನು?"

"ಆಗಲಿ ಬಿಡಲಿ. ಕೊಡಾಂಗಿಲ್ಲ."

"ನನ್ನ ಮಾತು ಹೋಗ್ತದೋ," ಎಂದಳು ಅಕ್ಕ. ಈಗ ಅವಳ ದನಿ ಇಳಿದಿತ್ತು. "ನಿನಗೇನು, ರೈಲ್ ಹತ್ತಿ ಹೋಗ್ತಿ. ನಾ ಈ ಮಂದ್ಯಾಗ ಬಾಳೇ ಮಾಡಬೇಕು. ಕರ್ಕೊಂಡು ಬರ್ತೇವಿ ಅಂದಮ್ಯಾಗ ಹೋಗಬೇಕು. ಅವರೇ ಒಲ್ಲೆವು ಅಂದರ ಬ್ಯಾರಿ ಮಾತು. ಹೂಂ ಅಂದರ ಮಾತ್ರ ಇಲ್ಲ ಅಂತ ನಾ ಹ್ಯಾಂಗ ಅನಲಿ?"

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಹೀಗಾಗಿ ನಾವು ಔರಾದಿಗೆ ಹೊರಟೆವು. ನನ್ನ ಮಗಳನ್ನು ಅವರು ಬೇಡವೆನ್ನಲಿ ಎಂದು ಇಬ್ಬರು ಹಾರೈಸುತ್ತಿದ್ದೆವು, ನಾನು ಮತ್ತು, ಅವಳ ಮುಖ ನೋಡಿದರೆ, ನೀಲಾ.

ಔರಾದ್

ಔರಾದಿಗೆ ರೈಲಿಲ್ಲ. ನಸುಕಿನಲ್ಲೇ ಗಾಡಿ ಕಟ್ಟಿದೆವು. ದಾರಿಯ ಎರಡೂ ಕಡೆ ಬಿಳಿಜೋಳ ನಿಂತಿತ್ತು, ತೊಗರಿ ಕಾಯಿಗಟ್ಟಿತ್ತು. ಠಾಣಾ ಕುಶನೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಅಕ್ಕ ನೀಲಾಳ ತಲೆ ಮತ್ತೆ ಬಾಚಿ, ಪಾಠ ಹೇಳಿದಳು.

"ತೆಳಗ ನೋಡಬೇಕು. ಕೇಳಿದಷ್ಟಕ್ಕ ಹೇಳಬೇಕು. ದನಿ ಮೆಲ್ಲಕ ಇರಬೇಕು. ತಿಳೀತಿಲ್ಲ?"

"ಹೂಂ," ಎಂದಳು ನೀಲಾ.

ಮುಂದಿನದನ್ನು ನಾವು ಎಲ್ಲರೂ ಒಂದೇ ರೀತಿ ಹೇಳುತ್ತೇವೆ. ಅದಕ್ಕೇ ನನಗೆ ಸ್ವಲ್ಪ ಅನುಮಾನ. ಆದರೂ ಬೇರೆ ರೀತಿ ನೆನಪಿಲ್ಲ.

ಚಿಕ್ಕ, ಚೊಕ್ಕ ಮನೆ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಹುಡುಗನ ತಂದೆ ತಾಯಿ ಮರ್ಯಾದಸ್ಥರು. ಹುಡುಗ ಬಾಗಿಲ ಸಂದಿಯಲ್ಲಿ ಕಂಡೂ ಕಾಣದಂತೆ ಇದ್ದ, ನೀಲಾಳಿಗಿಂತ ಅವನಿಗೇ ಹೆಚ್ಚು ಹೆದರಿಕೆ. ನಿರ್ಧಾರ ಮಾತ್ರ ಹುಡುಗನ ಅಜ್ಜಿಯದು, ಅಕ್ಕ ಹೇಳಿದ್ದ ಹಿರಿಯಾಕೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಡುಗಿಯನ್ನು ನೋಡುವ ಶಾಸ್ತ್ರವನ್ನು ಅವರು ಕೈಯಿಂದ ಮಾಡಿದರು. ನೀಲಾಳನ್ನು ಹತ್ತಿರ ಕೂಡಿಸಿಕೊಂಡು ಅವಳ ತಲೆ, ಕೆನ್ನೆ, ಅಂಗೈ ಸವರಿದರು.

"ಹೆಸರೇನವ್ವಾ?"

"ನೀಲಾ," ಎಂದಳು ನೀಲಾ, ಅಕ್ಕ ಕಲಿಸಿದಂತೆ, ತುಟಿಯೊಳಗೆ.

"ಕಣ್ಣು ಹೋಗ್ಯಾವ, ಕಿವ್ಯಾಗೂ ಹೇಳಲಿಲ್ಲಂದ್ರ ನನಗ ಹ್ಯಾಂಗ ತಿಳೀಬೇಕು? ಜರಾ ಜೋರ್ಲೆ ಹೇಳು."

ನೀಲಾ ಸೋದರತ್ತೆಯ ಮುಖ ನೋಡಿದಳು. ಅಕ್ಕ ಕಣ್ಣಲ್ಲೇ ಬೇಡ ಎಂದಳು. ಆಮೇಲೆ ಅವಳು ನನ್ನನ್ನು ನೋಡಿದಳು.

"ಜೋರಾಗೇ ಹೇಳವ್ವಾ," ಎಂದೆ. "ಬೀದರಿನಾಗ ಹೇಳಿದಿಯಲ್ಲ, ಹಂಗ."

ಅವಳು ಉಸಿರೆಳೆದುಕೊಂಡಳು. "ನಾನು ನೀಲಾ!"

ಗೂಡಿನಲ್ಲಿದ್ದ ಪಾರಿವಾಳಗಳು ಹಾರಿದವು. ಹಿತ್ತಲಲ್ಲಿ ಕರು ಕೂಗಿತು. ಹಿರಿಯಾಕೆಯ ಕೈ ನೀಲಾಳ ಅಂಗೈಯ ಮೇಲೆ ಹಾಗೆಯೇ ನಿಂತಿತು.

"ಇನ್ನೊಮ್ಮಿ ಹೇಳು."

"ನಾನು ನೀಲಾ!"

"ತಮ್ಮ ಸಿಕ್ಕನೇನವ್ವಾ?" ಎಂದರು ಹಿರಿಯಾಕೆ.

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅವರೇ ಹೇಳಿದರು, "ಜುಮ್ಮೇರಾತ್ಗಿ ಸೊಸಿ ಕೂಡ ಬೀದರಿಗಿ ಹೋಗಿದ್ದೆನ್ರಿ. ಕಣ್ಣು ಕಾಣದಾಕಿ ಮೇಳದಾಗ ಏನು ನೋಡ್ತಿ ಅಂತ ಮಗ ನಕ್ಕ. ಕೇಳ್ತೇನಿ ಅಂದೆ. ಸುಮ್ಮ ಕುಂತು ಎಲ್ಲಾ ಕೇಳಿದೆ. ಈ ಹುಡುಗಿ ದನಿ ಕೇಳಿದೆ. ಬಂದಾಗಿಂದ ಇವರಿಗಿ ಅದೇ ಹೇಳ್ಲಿಕ್ಕ ಹತ್ತೇನಿ."

ಮೇಳವನ್ನು ನೋಡದೆ ಕೇಳಿ ಬಂದವನು ನಾನೊಬ್ಬನೇ ಎಂದುಕೊಂಡಿದ್ದೆ. ಕನಾತಿನ ಆಚೆ ಇನ್ನೊಬ್ಬರಿದ್ದರು.

"ಸಿಕ್ಕಾನ್ರಿ," ಎಂದಳು ನೀಲಾ, ಕೇಳಿಸುವಂತೆ. "ತೊಟ್ಟಲದಾಗ ಮ್ಯಾಲ ಇದ್ದ."

"ನಾನು ಕಳದಿದ್ದಿಲ್ರಿ," ಎಂದ ಚೆನ್ನು.

ಹಿರಿಯಾಕೆ ನಕ್ಕರು. ಆಮೇಲೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. "ಹುಡುಗಿ ಸಾಲಿಗಿ ಹೋಗ್ತಾಳೇನ್ರಿ?"

"ಹೋಗ್ತಾಳ್ರಿ. ಮುಂದೂ ಕಳಸಾಂವ ನಾನು."

ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ಹಿರಿಯಾಕೆ ನೀಲಾಳ ಕೈಯಲ್ಲಿ ಒಂದು ಉಂಡಿ ಇಟ್ಟು ಬೆರಳು ಮಡಚಿದರು.

"ಶಾಂತಮ್ಮ, ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಮನಿ ಸಣ್ಣದದ. ಈ ದನಿ ಹಿಡಸೂದಿಲ್ಲ."

ಔರಾದ್ ದಾಟಿ

ಆ ಮಾತು ಬೈಗುಳ ಎಂದು ಅಕ್ಕ ಹೇಳಿದಳು. ಹುಡುಗಿಯನ್ನು ಒಲ್ಲೆ ಎನ್ನಲು ಮನೆಯ ಅಳತೆ ಹೇಳುವುದು ಎಲ್ಲಿಯ ರೀತಿ ಎಂದು ಬಹಳ ಹೊತ್ತು ಗೊಣಗಿದಳು. ಇಷ್ಟು ಮರ್ಯಾದೆಯಿಂದ ಯಾರೂ ಒಲ್ಲೆ ಎಂದದ್ದು ತಾನು ಕೇಳಿಲ್ಲ ಎಂದು ಭಾವ ಆಮೇಲೆ ಹೇಳಿದರು. ನಾನು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದೆ. ಹುಬ್ಬಳ್ಳಿಗೆ ಮೊಗಲಾಯಿಯಿಂದ ನಾನು ತಂದದ್ದು ಅದೊಂದೇ. ಸುಂಕದವರು ಟ್ರಂಕು ತೆಗೆಸಿದರೂ ಸಿಗುವಂಥದ್ದಲ್ಲ.

ಊರು ಹಿಂದೆ ಬಿದ್ದ ಮೇಲೆ ನೀಲಾ ನನ್ನ ಪಕ್ಕಕ್ಕೆ ಸರಿದಳು. ಉಂಡಿಯಲ್ಲಿ ಅರ್ಧ ತಮ್ಮನಿಗೆ ಕೊಟ್ಟು ಅರ್ಧ ಕೈಯಲ್ಲೇ ಹಿಡಿದಿದ್ದಳು.

"ಅಪ್ಪಾ, ಅವರು ನನ್ನ ಒಲ್ಲೆ ಅಂದ್ರಲ್ಲ?"

"ಹೌದವ್ವಾ."

"ನನ್ನ ದನಿಗಿ?"

"ನಿನ್ನ ದನಿಗಿ."

ಬೇಸರವಾಗಿದೆಯೇನೋ ಎಂದು ನಾನು ಅವಳ ಮುಖ ನೋಡಿದೆ. ಅವಳು ನೋಡುತ್ತಿದ್ದುದು ಹೊಲದ ಆಚೆ ತುದಿಯನ್ನು, ದೂರ ಅಳೆಯುವವಳಂತೆ.

"ಭೋಂಗಾ ಇಲ್ಲದನೂ ಅಷ್ಟು ದೂರ ಹೋಗತೈತೇನಪ್ಪಾ?"

"ನನಗೇನು ಗೊತ್ತು? ನೋಡು."

ಅವಳು ಗಾಡಿಯಲ್ಲೇ ಎದ್ದು ನಿಂತಳು. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಭೋಂಗಾದಂತೆ ಹಿಡಿದಳು. ಅಕ್ಕ ತಿರುಗಿ ನೋಡಿ, "ಏ ಹುಡುಗಿ, ಕೂಡು, ಬೀಳ್ತಿ!" ಎಂದಳು. ಚೆನ್ನು ಮುಂಚಿತವಾಗಿಯೇ ಕಿವಿ ಮುಚ್ಚಿಕೊಂಡ.

"ನಾನು ನೀಲಾ!"

ಜೋಳದ ಹೊಲದಿಂದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಎತ್ತುಗಳು ಗಕ್ಕನೆ ನಿಂತವು. ಗಾಡಿಯವನು ಬಾಲ ಮುರಿದ, ಬಾರುಕೋಲು ಬೀಸಿದ, ಅವು ಕದಲಲಿಲ್ಲ. ದೂರದ ಬಾವಿಯ ಹತ್ತಿರ ಯಾರೋ ನಮ್ಮ ಕಡೆ ತಿರುಗಿ ಕೈ ಎತ್ತಿದರು.

ಎಲ್ಲಕ್ಕಿಂತ ಮೊದಲು ನಕ್ಕವಳು ಅಕ್ಕ. ಸೆರಗು ಬಾಯಿಗೆ ಹಿಡಿಯದೆ, ಕನಾತಿನ ಒಳಗಿನ ಹೆಂಗಸರ ಹಾಗೆ ನಕ್ಕಳು. "ಇನ್ನೊಮ್ಮಿ ಒದರು," ಎಂದಳು ನೀಲಾಳಿಗೆ. "ಎತ್ತು ನಿಂತರ ನಿಲ್ಲಲಿ."